ಗಾಜಿನೊಳಗೆ ಒಂದು ಜಾತ್ರೆ

ಮಕ್ಕಳೇ, ಶುಷ್ಕಕೋಶ, ತಂತಿ, ಪುಟ್ಟ ಬಲ್ಬು ಇದ್ದರೆ ಸಾಕು, ವಾಹಕ ಯಾವುದು, ಅವಾಹಕ ಯಾವುದು ಎಂದು ನೀವೇ ಪತ್ತೆಹಚ್ಚಬಹುದು. ಹುನಗುಂದ, ಇಳಕಲ್ ಕಡೆಯ ಶಾಲೆಗಳಲ್ಲಿ ನಾನು ಈ ಪ್ರಯೋಗ ಮಾಡಿಸುತ್ತೇನೆ. ಮೊಳೆ, ಕೀಲಿ ಇಟ್ಟರೆ ಬಲ್ಬು ಹೊತ್ತುತ್ತದೆ. ಗಾಜಿನ ಬಳೆಯ ಚೂರು ಇಟ್ಟರೆ ಹೊತ್ತುವುದಿಲ್ಲ. 'ಗಾಜು ಅವಾಹಕ' ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಅದರ ಪಕ್ಕದಲ್ಲಿ 'ತಣ್ಣಗಿರುವಾಗ' ಎಂದು ನಾನು ಸೇರಿಸಿ ಬರೆಸುತ್ತೇನೆ. ಏಕೆ ಗೊತ್ತೇ?

ಬಾದಾಮಿಯ ಕೆಂಪು ಬಂಡೆ ಮರಳುಗಲ್ಲು. ಮರಳಿನ ಕಣಗಳು ಬಹುಪಾಲು ಸಿಲಿಕಾ. ಸಿಲಿಕಾಕ್ಕೆ ಸೋಡಾ, ಸುಣ್ಣಕಲ್ಲು ಬೆರೆಸಿ ಕರಗಿಸಿದರೆ ಗಾಜು ಸಿದ್ಧ. ಸೋಡಾದ ಜೊತೆಗೆ ಸೋಡಿಯಂ ಅಯಾನುಗಳು ಗಾಜಿನೊಳಗೆ ಬರುತ್ತವೆ. ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು. ಲೋಹದ ತಂತಿಯಲ್ಲಿ ಎಲೆಕ್ಟ್ರಾನುಗಳು ವಿದ್ಯುತ್ತನ್ನು ಒಯ್ಯುತ್ತವೆ; ಗಾಜಿನಲ್ಲಿ ಆ ಕೆಲಸ ಅಯಾನುಗಳದು.

ಬನಶಂಕರಿ ಜಾತ್ರೆಯ ಗದ್ದಲ ನೆನಪಿಸಿಕೊಳ್ಳಿ. ಮುಂದೆ ಜಾಗ ತೆರವಾದರೆ ಮಾತ್ರ ಒಂದು ಹೆಜ್ಜೆ! ಅಯಾನೂ ಹೀಗೆಯೇ ಒಂದು ತೆರವಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ತಣ್ಣನೆಯ ಗಾಜಿನಲ್ಲಿ ಈ ಜಿಗಿತ ಬಹಳ ಅಪರೂಪ. ಗಾಜು ಕೆಂಪಗೆ ಕಾದರೆ ಜಿಗಿತ ಹೆಚ್ಚುತ್ತದೆ, ಗಾಜು ವಾಹಕವಾಗುತ್ತದೆ. ಬಿಸಿ ಗಾಜಿನ ಮೂಲಕ ಸೋಡಿಯಂ ಸಾಗುವುದನ್ನು ಜರ್ಮನಿಯ ವಿಜ್ಞಾನಿ ಎಮಿಲ್ ವಾರ್‌ಬರ್ಗ್ 1884ರಲ್ಲೇ ತೋರಿಸಿದರು. ಇದನ್ನು ಮನೆಯಲ್ಲಿ ಖಂಡಿತ ಮಾಡಬೇಡಿ, ಪ್ರಾಣಕ್ಕೇ ಅಪಾಯ.

ಕಾಯಿಸುವುದೊಂದೇ ದಾರಿಯಲ್ಲ. ಹಗುರವಾದ ಲಿಥಿಯಂ ಅಥವಾ ಬೆಳ್ಳಿಯ ಅಯಾನುಗಳನ್ನು ಬೆರೆಸಿ ಹೆಚ್ಚು ವಿದ್ಯುತ್ ಹರಿಯುವ ಗಾಜುಗಳನ್ನೂ ತಯಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಜೆ. ರಾವ್ ಮತ್ತು ಅವರ ವಿದ್ಯಾರ್ಥಿಗಳು ಇಂಥ ಗಾಜುಗಳನ್ನು ಹಲವು ವರ್ಷ ಅಧ್ಯಯನ ಮಾಡಿದರು.

ಇದರಿಂದ ನಮಗೇನು ಪ್ರಯೋಜನ? ಬಾಗಲಕೋಟೆ ಜಿಲ್ಲೆಯಲ್ಲಿ ನೀರು ಹೆಚ್ಚಾಗಿ ಸವಳಾದ ಹೊಲಗಳಿವೆ. ಮಣ್ಣು ಎಷ್ಟು ಕ್ಷಾರೀಯ ಎಂದು ಅಳೆಯಲು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಪಿಎಚ್ ಮೀಟರ್ ಬಳಸುತ್ತಾರೆ. ಅದರ ಕಡ್ಡಿಯ ತುದಿಯಲ್ಲಿ ತೆಳ್ಳನೆಯ ಗಾಜಿನ ಗುಳ್ಳೆ ಇರುತ್ತದೆ. ಅದನ್ನು ಮಣ್ಣು ಕಲಸಿದ ನೀರಿನಲ್ಲಿ ಅದ್ದಿದಾಗ ನೀರಿನ ಹೈಡ್ರೊಜನ್ ಅಯಾನುಗಳು ಗಾಜಿನ ಹೊರಮೈಯಲ್ಲೇ ನಿಲ್ಲುತ್ತವೆ. ಗಾಜಿನೊಳಗೆ ಸೋಡಿಯಂ ಅಥವಾ ಲಿಥಿಯಂ ಅಯಾನುಗಳು ತುಸುವೇ ಸರಿದು ಮಂಡಲವನ್ನು ಪೂರ್ಣಗೊಳಿಸುತ್ತವೆ. ನಿಮ್ಮ ಬಲ್ಬನ್ನು ಹೊತ್ತಿಸಲಾಗದಷ್ಟು ಚಿಕ್ಕ ಪ್ರವಾಹವಿದು. ಆದರೆ ಮೀಟರಿಗೆ ಅಷ್ಟೇ ಸಾಕು. ಗಾಜು ಪೂರ್ತಿ ಅವಾಹಕವಾಗಿದ್ದರೆ ಮೀಟರು ಸರಿಯಾದ ಅಂಕಿ ತೋರಿಸುತ್ತಿರಲಿಲ್ಲ. ಹೊಲಕ್ಕೆ ಜಿಪ್ಸಂ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ರೈತರಿಗೆ ಆ ಅಂಕಿ ಬೇಕೇ ಬೇಕು. ನಿಮ್ಮ ಮನೆಯಲ್ಲಿ ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರಲ್ಲಿ ಪಿಎಚ್ ಎಷ್ಟಿದೆ, ಹುಡುಕಿ ನೋಡಿ.