ಉಮರ್ ಮುಖ್ತಾರ್: ಚಿತ್ರ ಗೆದ್ದಿದ್ದೆಲ್ಲಿ?

ನಮ್ಮಲ್ಲಿ ಮುಸ್ಲಿಮ್ ವೀರರ ಚಿತ್ರವೆಂದರೆ ವಿಮರ್ಶೆಗಿಂತ ಮೊದಲೇ ಕಣ್ಣೀರು ಬಂದುಬಿಡುತ್ತದೆ. ಮುಸ್ತಫಾ ಅಕ್ಕಾದ್‌ರ ‘ಲಯನ್ ಆಫ್ ದ ಡೆಸರ್ಟ್’ (1981) ನೋಡುವಾಗ ನಮಗೂ ಹಾಗೆಯೇ ಆಗುತ್ತದೆ. ಇಪ್ಪತ್ತು ವರ್ಷ ಇಟಲಿಯ ಸೇನೆಯನ್ನು ಎದುರಿಸಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ 1931ರ ಸೆಪ್ಟೆಂಬರ್ 16ರಂದು ಗಲ್ಲಿಗೇರಿದ ಕುರ್‌ಆನ್ ಶಿಕ್ಷಕ ಉಮರ್ ಮುಖ್ತಾರ್‌ರ ಕಥೆಗೆ ಕಲ್ಲೂ ಕರಗಬೇಕು. ಆದರೆ ನಾವು ಕರಗಿದ್ದು ಇತಿಹಾಸಕ್ಕೋ, ಚಿತ್ರಕ್ಕೋ?

ನಾಟಕಕ್ಕೆ ಒಳಗಿನ ತೊಳಲಾಟ ಬೇಕು. ಈ ಚಿತ್ರದಲ್ಲಿ ಅದು ಹೆಚ್ಚಾಗಿ ಸಿಗುವುದು ಶತ್ರು ಪಾಳಯದಲ್ಲಿ. ಆಲಿವರ್ ರೀಡ್‌ರ ಜನರಲ್ ಗ್ರಾಜಿಯಾನಿಗೆ ಮುಸೊಲಿನಿಯ ಒತ್ತಡವಿದೆ, ಅಹಂಕಾರವಿದೆ, ಕೊನೆಗೆ ಗೆದ್ದರೂ ಗೆದ್ದಂತೆನಿಸದ ಪೇಚಾಟವಿದೆ. ಆಂಟನಿ ಕ್ವಿನ್‌ರ ಉಮರ್ ಮುಖ್ತಾರ್ ಮಾತ್ರ ಮೊದಲು ಹೇಗಿದ್ದರೋ ಕೊನೆಯಲ್ಲೂ ಹಾಗೆಯೇ. ಅಕ್ಕಾದ್ 1976ರ ‘ದ ಮೆಸೇಜ್’ನಲ್ಲಿ ಪ್ರವಾದಿಯವರನ್ನು(ಸ) ತೋರಿಸದೆಯೇ ಕಥೆ ಹೇಳಿದವರು. ಅಲ್ಲಿ ಅದು ಅನಿವಾರ್ಯ, ಸರಿ ಕೂಡ. ಅದೇ ಅದಬ್ ಇಲ್ಲಿಗೂ ಬಂದಿದೆಯೇನೋ! ಮನುಷ್ಯ ತೆರೆಯ ಮೇಲೆ ಕಾಣುತ್ತಾರೆ, ಅವರ ಮನಸ್ಸು ಪರದೆಯ ಹಿಂದೆಯೇ ಉಳಿದುಬಿಟ್ಟಿದೆ.

ಸಾಮಗ್ರಿಗೇನೂ ಕೊರತೆಯಿರಲಿಲ್ಲ. ಹೋರಾಟಗಾರರಿಗೆ ಸಿಗುತ್ತಿದ್ದ ಬೆಂಬಲವನ್ನು ಕಡಿಯಲು ಇಟಲಿ ಸಿರೆನೈಕಾದ ಸುಮಾರು ಒಂದು ಲಕ್ಷ ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ದಬ್ಬಿತು. ಹಸಿವು, ರೋಗಗಳಿಂದ ಸತ್ತವರು ಹತ್ತಾರು ಸಾವಿರ. ತಾನು ಶರಣಾದರೆ ಈ ಹೆಂಗಸರು ಮಕ್ಕಳು ಉಳಿದಾರೇ ಎಂಬ ಪ್ರಶ್ನೆ ಆ ವೃದ್ಧರ ನಿದ್ದೆ ಕೆಡಿಸಿರಲಾರದೇ? ಚಿತ್ರ ಶಿಬಿರಗಳನ್ನು ಎದೆ ನಡುಗುವಂತೆ ತೋರಿಸುತ್ತದೆ, ಆದರೆ ಆ ಪ್ರಶ್ನೆಯ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಣ ಹಾಕಿದ್ದು ಗದ್ದಾಫಿಯ ಸರಕಾರ; ಸರಕಾರಗಳಿಗೆ ಸಂದೇಹಪಡುವ ವೀರರು ಬೇಕಿರುವುದಿಲ್ಲ. (ಇಟಲಿಯಂತೂ ಸೇನೆಯ ಮಾನ ಹೋಗುತ್ತದೆಂದು 1982ರಲ್ಲಿ ಚಿತ್ರವನ್ನೇ ತಡೆಯಿತು. ಅಲ್ಲಿನ ಟಿ.ವಿ.ಯಲ್ಲಿ ಅದು ಬಂದದ್ದು 2009ರಲ್ಲಿ!)

ಸ್ಪೈಕ್ ಲೀಯವರ ‘ಮಾಲ್ಕಮ್ ಎಕ್ಸ್’ (1992) ಈ ವಿಷಯದಲ್ಲಿ ಮುಂದಿದೆ. ಕಳ್ಳ, ಕೈದಿ, ಬಿಳಿಯರೆಲ್ಲ ಸೈತಾನರೆನ್ನುವ ಭಾಷಣಕಾರ, ಹಜ್ಜ್‌ನಿಂದ ಬೇರೆಯೇ ಮನುಷ್ಯನಾಗಿ ಮರಳಿದವ. ಪ್ರತಿ ತಿರುವಿನಲ್ಲೂ ಹಳೆಯದನ್ನು ಕಳೆದುಕೊಳ್ಳುವ ನೋವಿದೆ. ಗುರುವೆಂದು ನಂಬಿದವನ ಮೇಲಿನ ವಿಶ್ವಾಸ ಕುಸಿಯುವಾಗ ಡೆಂಜೆಲ್ ವಾಷಿಂಗ್ಟನ್‌ರ ಮುಖ ನೋಡಬೇಕು.

ಆದರೂ ಅಕ್ಕಾದ್‌ರ ಚಿತ್ರವನ್ನು ನಾವು ತಳ್ಳಿಹಾಕಲಾರೆವು. ಸೆರೆಯಾದ ಉಮರ್ ಮುಖ್ತಾರ್ ಮತ್ತು ಗ್ರಾಜಿಯಾನಿ ಎದುರುಬದುರಾಗುವ ದೃಶ್ಯವೊಂದೇ ಸಾಕು. ಅಲ್ಲಿ ಟ್ಯಾಂಕಿಲ್ಲ, ಗುಂಡಿಲ್ಲ. ಸಂಕೋಲೆ ತೊಟ್ಟವರು ಏನನ್ನೂ ಕೇಳುವುದಿಲ್ಲ, ಗೆದ್ದವನೇ ಹಾತೊರೆಯುತ್ತಾನೆ. ಮೂರು ಗಂಟೆಯ ಹತ್ತಿರದ ಈ ಚಿತ್ರದಲ್ಲಿ ಕಾಳಗಗಳನ್ನು ಅರ್ಧಕ್ಕಿಳಿಸಿ ಇಂಥ ಇನ್ನೆರಡು ದೃಶ್ಯಗಳನ್ನು ಕೊಟ್ಟಿದ್ದರೆ! ಗಲ್ಲಿನ ಬಳಿ ಬಿದ್ದ ಕನ್ನಡಕವನ್ನು ಹುಡುಗನೊಬ್ಬ ಎತ್ತಿಕೊಳ್ಳುವಾಗಲಂತೂ ಅಕ್ಕಾದ್ ಮಾತಿನ ಹಂಗಿಲ್ಲದೆಯೇ ಗೆದ್ದಿದ್ದಾರೆ.