ಕೊಟ್ಟಿಗೆಯಲ್ಲಿ ಲೇತು

ನಮ್ಮ ಮನೆ ಕೊಟ್ಟಿಗೆಯಲ್ಲಿ ದನ ಇಲ್ಲ, ಲೇತಿದೆ. ಹಾಲು ಕೇಳಿಕೊಂಡು ಬಂದ ಹೊಸಬರಿಗೆ ನನ್ನ ಹೆಂಡತಿ ಹೀಗೇ ಹೇಳಿ ಕಳಿಸ್ತಾಳೆ. "ಮೇವು ತಿನ್ನಲ್ಲ, ದುಡ್ಡು ತಿನ್ನುತ್ತೆ" ಅಂತ ಒಂದು ಮಾತು ಸೇರಿಸ್ತಾಳೆ. ಅದೂ ಸುಳ್ಳಲ್ಲ.

ಬೇರೆಯವರು ಐವತ್ತಕ್ಕೆ ಬಂದಾಗ ಶಬರಿಮಲೆಗೆ ಹೋಗ್ತಾರೆ, ಇಲ್ಲಾ ಸೈಟು ಕೊಳ್ತಾರೆ. ನಾನು ನಾಲ್ಕೂವರೆ ಅಡಿಯ ಹಳೇ ಲೇತು ಕೊಂಡೆ. ಬ್ಯಾಂಕಿನಲ್ಲಿ ಇಪ್ಪತ್ತೈದು ವರ್ಷ ಬೇರೆಯವರ ದುಡ್ಡು ಎಣಿಸಿದವನಿಗೆ, ಕೈಯಲ್ಲಿ ಹಿಡಿದು ನೋಡುವಂಥದ್ದು ಏನಾದರೂ ಮಾಡಬೇಕು ಅನ್ನಿಸಿತ್ತು. ಇಂಗ್ಲೆಂಡಿನಲ್ಲಿ ಇದು ದೊಡ್ಡ ಹವ್ಯಾಸವಂತೆ. 1898ರಿಂದಲೇ ಇದಕ್ಕೆ ಅಂತ ಒಂದು ಪತ್ರಿಕೆ ಇದೆ. 1946ರಲ್ಲಿ ಮೈಫೋರ್ಡ್ ಅನ್ನೋ ಕಂಪನಿ ಎಂಎಲ್7 ಅಂತ ಒಂದು ಪುಟ್ಟ ಲೇತು ತಂದಿತು. ಅಲ್ಲಿಯ ಗುಮಾಸ್ತರು, ಮೇಷ್ಟ್ರುಗಳು ಅದನ್ನು ಹಿತ್ತಲ ಶೆಡ್ಡಿನಲ್ಲಿ ಇಟ್ಟುಕೊಂಡು ಆಟದ ರೈಲಿನ ಎಂಜಿನ್ ಮಾಡಿದರು. ಅವರು ಮಾಡಬಹುದಾದರೆ ಹುಲ್ಲಹಳ್ಳಿಯಲ್ಲಿ ನಾನ್ಯಾಕೆ ಮಾಡಬಾರದು?

ಮಾಡಬಹುದು. ಆದರೆ ಮೊದಲು ಅದು ಮನೆಗೆ ಬರಬೇಕಲ್ಲ. ಟೆಂಪೋದಿಂದ ಇಳಿಸೋಕೆ ಆರು ಜನ, ಎರಡು ತೆಂಗಿನ ದಿಮ್ಮಿ, ಒಂದು ಹಗ್ಗ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಳೆದ ಹಾಗೆ ಎಳೆದೆವು. ಒಬ್ಬರಂತೂ ಅದರ ಬೆಡ್ಡಿನ ಮೇಲೆ ತೆಂಗಿನಕಾಯಿ ಒಡೆದೇ ಬಿಟ್ಟರು. ಎಳನೀರಿನ ತುಕ್ಕಿನ ಕಲೆ ಇವತ್ತಿಗೂ ಇದೆ.

ಆಮೇಲೆ ಕರೆಂಟು. ಲೇತಿನ ಮೋಟಾರು ತ್ರೀ ಫೇಸ್, ಮನೆಗೆ ಬರೋದು ಸಿಂಗಲ್ ಫೇಸ್. ಊರಿಗೆ ತ್ರೀ ಫೇಸ್ ಬರೋದು ಪಂಪ್‌ಸೆಟ್‌ಗಳಿಗೆ, ಅದೂ ದಿನದಲ್ಲಿ ಕೆಲವೇ ಗಂಟೆ. ಇದಕ್ಕೆ ಪರಿಹಾರ ವಿಎಫ್‌ಡಿ ಅನ್ನೋ ಒಂದು ಡಬ್ಬ. ಒಂದು ಕಡೆಯಿಂದ ಸಿಂಗಲ್ ಫೇಸ್ ಕೊಟ್ಟರೆ ಇನ್ನೊಂದು ಕಡೆಯಿಂದ ತ್ರೀ ಫೇಸ್ ಕೊಡುತ್ತೆ, ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು. ಆದರೆ ಅದು ಕೊಡೋದು 230 ವೋಲ್ಟು, ಮೋಟಾರು ಸ್ಟಾರ್ ಕನೆಕ್ಷನ್‌ನಲ್ಲಿ ಕೇಳೋದು 415. ಮೋಟಾರಿನ ಡಬ್ಬಿ ಬಿಚ್ಚಿ ತಂತಿಗಳನ್ನು ಡೆಲ್ಟಾ ಮಾಡಿಕೊಳ್ಳಬೇಕು. ಇಷ್ಟು ತಿಳಿಯೋಕೆ ನನಗೆ ಒಂದು ತಿಂಗಳು ಹಿಡೀತು. ಅಷ್ಟೂ ದಿನ ಲೇತು ಬರೀ ಗುಂಯ್ ಅಂತ ಗೊಣಗ್ತಾ ನಿಂತಿತ್ತು.

ಇದರ ಇನ್ನೊಂದು ಗುಟ್ಟು ಹೇಳ್ತೀನಿ ಕೇಳಿ, ಯಾರೂ ಮೊದಲೇ ಹೇಳಲ್ಲ. ಲೇತು ಕೊಳ್ಳೋದು ಬರೀ ಶುರು. ನಾಲ್ಕು ದವಡೆ ಚಕ್ಕು, ಡ್ರಿಲ್ ಚಕ್ಕು, ಮೈಕ್ರೋಮೀಟರು, ಡಯಲ್ ಗೇಜು, ರೀಮರು, ಟೂಲ್ ಮಸೆಯೋಕೆ ಗ್ರೈಂಡರು. ಪ್ರತಿ ಎರಡನೇ ಶನಿವಾರ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬ್ಯಾಗು ಭಾರ ಮಾಡಿಕೊಂಡು ಬರ್ತಿದ್ದೆ. ಲೇತಿಗೆ ಕೊಟ್ಟಿದ್ದಕ್ಕಿಂತ ಅದರ ಪರಿವಾರಕ್ಕೆ ಕೊಟ್ಟಿದ್ದು ಜಾಸ್ತಿ. ಲೆಕ್ಕ ಬರೆದಿಟ್ಟಿದ್ದೀನಿ, ಹೆಂಡತಿಗೆ ತೋರಿಸಿಲ್ಲ.

ಮೊದಲು ಮಗಳಿಗೆ ಒಂದು ಹಿತ್ತಾಳೆ ಬುಗುರಿ ಮಾಡಿದೆ. ಅವಳು ಪಿಯುಸಿ. ನೋಡಿ, "ಚೆನ್ನಾಗಿದೆ ಅಪ್ಪ" ಅಂದು ಕಿಟಕಿಯಲ್ಲಿಟ್ಟಳು. ನನಗೆ ಅಷ್ಟೇ ಸಾಕಾಯ್ತು. ಕಬ್ಬಿಣದ ಸುರುಳಿ ಟೂಲಿನ ಮೂತಿಯಿಂದ ನೀಲಿ ಬಣ್ಣಕ್ಕೆ ತಿರುಗ್ತಾ ಬರೋದನ್ನ ಒಂದು ಸಲ ನೋಡಿದರೆ ಬಿಡೋಕಾಗಲ್ಲ.

ಊರಲ್ಲಿ ಸುದ್ದಿ ಹಬ್ಬಿತು. ಒಂದು ಮಳೆಗಾಲ, ನಾಲೆಗೆ ನೀರು ಬಿಟ್ಟ ವಾರ. ಪಕ್ಕದ ಮನೆಯವರು ಟಿಲ್ಲರಿನ ಸವೆದ ಬುಷ್ ತಂದು ಮೇಜಿನ ಮೇಲಿಟ್ಟರು. "ಲೇತ್ ಅಂಗಡೀಲಿ ನಾಳಿದ್ದು ಅಂತಾರೆ. ಗದ್ದೆ ಕೆಸರು ಮಾಡ್ಬೇಕು. ನೀವೇ ಒಂದ್ ಹೊಡ್ಕೊಡಿ ಬುದ್ಧಿ." ನನ್ನ ಎದೆ ಎಷ್ಟು ಉಬ್ಬಿತು ಅಂದ್ರೆ ಇಲ್ಲ ಅನ್ನೋಕೆ ಜಾಗವೇ ಉಳೀಲಿಲ್ಲ.

ಗನ್‌ಮೆಟಲ್ ತುಂಡು ಇತ್ತು. ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದೆ. ಹೊರಗಿನ ಅಳತೆ ರಂಧ್ರಕ್ಕಿಂತ ಒಂದೂವರೆ ಥೌ ಜಾಸ್ತಿ, ಅಂದರೆ ಒತ್ತಿ ಕೂರಿಸಿದರೆ ಬಿಗಿಯಾಗಿ ಕೂರಬೇಕು. ಒಳಗೆ ಶಾಫ್ಟು ಬೆಣ್ಣೆಯಲ್ಲಿ ಕತ್ತಿ ಹೋದ ಹಾಗೆ ಹೋಗ್ತಿತ್ತು. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಮಿಲಿಮೀಟರಿನಲ್ಲಿ 0.0254. ತಲೆಗೂದಲು ಅದಕ್ಕಿಂತ ದಪ್ಪ. ಬೆಳಿಗ್ಗೆ ಕೊಟ್ಟೆ. ದುಡ್ಡು ಕೊಡೋಕೆ ಬಂದರು, ತಗೊಳ್ಳಲಿಲ್ಲ. ದೊಡ್ಡಮನುಷ್ಯ ನೋಡಿ ನಾನು.

ಮಧ್ಯಾಹ್ನಕ್ಕೆ ಟಿಲ್ಲರು ಗದ್ದೆ ಮಧ್ಯೆ ಸಿಕ್ಕಿಹಾಕಿಕೊಂಡು ನಿಂತಿತು.

ಆಗಿದ್ದಿಷ್ಟು. ಬಿಗಿಯಾಗಿ ಒತ್ತಿದಾಗ ಬುಷ್ಷಿನ ಹೊರಮೈ ಅಮುಕಿ ಒಳರಂಧ್ರವೂ ಕುಗ್ಗುತ್ತೆ. ಕೂರಿಸಿದ ಮೇಲೆ ಮತ್ತೆ ರೀಮರ್ ಹಾಯಿಸಿ ಅಳತೆಗೆ ತರಬೇಕು. ರೀಮರ್ ನನ್ನ ಹತ್ತಿರ ಇತ್ತು, ಗೋಡೆ ಮೇಲೆ ಮೊಳೆಗೆ ನೇತು ಹಾಕಿದ್ದೆ. ಬುದ್ಧಿ ಇರಲಿಲ್ಲ. ಎಣ್ಣೆ ಹೋಗೋಕೆ ಜಾಗವಿಲ್ಲದೆ ಶಾಫ್ಟು ಕಾದು ಬುಷ್ಷನ್ನು ಕಚ್ಚಿಕೊಂಡಿತ್ತು. ಈಗ ಬುಷ್ಷಿನ ಜೊತೆ ಶಾಫ್ಟೂ ಹಾಳು. ಅವರಿಗೆ ಎರಡು ದಿನದ ಬದಲು ನಾಲ್ಕು ದಿನ ಹೋಯಿತು. ಬಾಯಿ ಬಿಟ್ಟು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಶಾಫ್ಟು ಹಿಡಿದುಕೊಂಡು ನಾನೇ ಲೇತ್ ಅಂಗಡಿಗೆ ಹೋದೆ. ಅರವತ್ತು ದಾಟಿದ ಮನುಷ್ಯ, ಕನ್ನಡಕ ಹಣೆ ಮೇಲೆ. ಶಾಫ್ಟು ತಿರುಗಿಸಿ ತಿರುಗಿಸಿ ನೋಡಿದರು. ಉಗುರಿನಲ್ಲಿ ಗೀರು ಸವರಿದರು.

"ಯಾರ್ ಮಾಡಿದ್ದು?"

"ನಾನೇ."

"ಎಷ್ಟ್ ಇಸ್ಕಂಡ್ರಿ?"

"ಏನೂ ಇಲ್ಲ."

ಅವರು ಚಕ್ಕಿಗೆ ಶಾಫ್ಟು ಕಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದರು: "ನೀವು ಬ್ಯಾಂಕ್‌ನೋರು. ಸಂಬಳ ಬತ್ತದೆ. ನಾಳೆಯಿಂದ ನಾನ್ ಬಂದು ನಿಮ್ ಕೌಂಟರಲ್ಲಿ ಕೂತ್ಕಂಡು ಬಿಟ್ಟಿ ದುಡ್ಡೆಣಿಸ್ತೀನಿ. ತಪ್ಪಾಗಿ ಎಣಿಸ್ತೀನಿ. ಆಯ್ತಾ?"

ಇದಕ್ಕೆ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.

ಒಂದಿಷ್ಟು ದಿನ ಕೊಟ್ಟಿಗೆ ಬಾಗಿಲು ತೆಗೆಯಲಿಲ್ಲ. ಆಮೇಲೆ ಒಂದು ಭಾನುವಾರ ಅಂಗಡಿಗೆ ಹೋಗಿ, ನನ್ನ ಲೇತು ನೋಡಿ ಕೊಡ್ತೀರಾ, ನಿಮ್ಮ ಒಂದು ದಿನದ ದುಡಿಮೆ ಕೊಡ್ತೀನಿ ಅಂತ ಕೇಳಿದೆ. ಬಂದರು. ಮೊದಲು ನೋಡಿದ್ದು ಲೇತನ್ನಲ್ಲ, ನನ್ನ ಲುಂಗಿಯನ್ನು. "ಪ್ಯಾಂಟ್ ಹಾಕ್ಕಂಡ್ ಬನ್ನಿ. ಲೀಡ್ ಸ್ಕ್ರೂಗೆ ಲುಂಗಿ ಸಿಕ್ಕಿದ್ರೆ ಅದು ಬರೀ ಲುಂಗಿ ಎಳ್ಕಳಲ್ಲ." ಎರಡನೆಯದು ಚಕ್ಕಿನಲ್ಲೇ ಬಿಟ್ಟಿದ್ದ ಕೀಲಿ. ಅದನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಏನೂ ಹೇಳಲಿಲ್ಲ.

ಆಮೇಲೆ ಒಂದು ಕಬ್ಬಿಣದ ಸರಳು ಚಕ್ಕಿಗೆ ಕಟ್ಟಿ, ಆ ತುದಿ ಈ ತುದಿ ಒಂದೇ ಸಲಕ್ಕೆ ತೆಳುವಾಗಿ ಕೊರೆದು ಮೈಕ್ರೋಮೀಟರ್ ಹಿಡಿದರು. ಆರು ಇಂಚಿಗೆ ನಾಲ್ಕು ಥೌ ವ್ಯತ್ಯಾಸ. ಕೊಟ್ಟಿಗೆಯ ನೆಲ ಒಂದು ಕಡೆ ಕುಸಿದು ಲೇತಿನ ಬೆಡ್ಡೇ ತಿರುಚಿಕೊಂಡಿತ್ತು. ಎರಕದ ಕಬ್ಬಿಣ ಬಗ್ಗುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಖಾಲಿ ತಂಪು ಪಾನೀಯದ ಡಬ್ಬ ಕತ್ತರಿಸಿ, ಆ ತಗಡಿನ ಚೂರುಗಳನ್ನು ಒಂದು ಕಾಲಿನ ಕೆಳಗೆ ಒಂದೊಂದಾಗಿ ತೂರಿಸಿ, ಬೋಲ್ಟು ಬಿಗಿದು, ಮತ್ತೆ ಕೊರೆದು, ಮತ್ತೆ ಅಳೆದು, ಸಂಜೆ ಐದಕ್ಕೆ ಅರ್ಧ ಥೌಗೆ ತಂದು ನಿಲ್ಲಿಸಿದರು. ಕೊಟ್ಟ ದುಡ್ಡು ಎಣಿಸಿಕೊಂಡು ಜೇಬಿಗಿಟ್ಟರು. ಕಾಫಿ ಮಾತ್ರ ಬಿಟ್ಟಿ.

ಅಲ್ಲಿಂದಾಚೆಗೆ ಊರಿನವರ ಕೆಲಸ ನಾನು ಮುಟ್ಟಲ್ಲ. ಯಾರಾದರೂ ಬಂದರೆ ಅಂಗಡಿ ಕಡೆ ಕೈ ತೋರಿಸ್ತೀನಿ. ನನ್ನ ಆಟ ನನ್ನದು: ದೀಪದ ಕಂಬ, ಪೆನ್ನು, ಒಂದು ಪುಟ್ಟ ಉಗಿ ಎಂಜಿನ್ನು. ಎಂಜಿನ್ನು ಮೂರು ವರ್ಷದಿಂದ ಮುಗೀತಾ ಇದೆ. ಭಾನುವಾರ ಅಂಗಡಿಗೆ ಹೋಗಿ ಅವರ ಪಕ್ಕ ನಿಂತು ನೋಡ್ತೀನಿ. ಅವರದ್ದು ಎಂಟಡಿಯ ಲೇತು. ಹೆಡ್‌ಸ್ಟಾಕಿನ ಮೇಲೆ ಕಿರ್ಲೋಸ್ಕರ್ ಅನ್ನೋ ಎರಕದ ಅಕ್ಷರ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದ್ದು. ಎಚ್‌ಎಂಟಿ ಬಂದಿದ್ದು 1953ರಲ್ಲಿ, ಅದಕ್ಕೂ ಹನ್ನೆರಡು ವರ್ಷ ಮುಂಚೆ. ಆ ಕಾರ್ಖಾನೆ ಈಗಿಲ್ಲ, ಲೇತು ಇನ್ನೂ ಸದ್ದಿಲ್ಲದೆ ತಿರುಗುತ್ತೆ.

ಹೋದ ತಿಂಗಳು ಅವರು ಅದನ್ನು ಒರೆಸ್ತಾ ಇದ್ದರು. ಕೆಲಸ ಇರಲಿಲ್ಲ. ಟಿಲ್ಲರಿನ ಬುಷ್ ಈಗ ಮೊಬೈಲಿನಲ್ಲಿ ಒತ್ತಿದರೆ ಮನೆಗೇ ಬರುತ್ತೆ. ಮಗ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಆಪರೇಟರ್, ಅಂಗಡಿಗೆ ಬರಲ್ಲ ಅಂದಿದ್ದಾನೆ. ಗುಜರಿಯವನು ಬಂದು ನೋಡಿಕೊಂಡು ಹೋದನಂತೆ. ಕೆಜಿ ಲೆಕ್ಕ.

"ನಿಮ್ ಕೊಟ್ಟಿಗೆ ಎಷ್ಟುದ್ದ ಅದೆ?" ಅಂತ ಕೇಳಿದರು.

ಮನೆಗೆ ಬಂದು ಟೇಪು ಹಿಡಿದೆ. ಹದಿನಾಲ್ಕಡಿ. ಚಿಕ್ಕ ಲೇತು ಗೋಡೆಗೆ ಸರಿಸಿ, ಹುಲ್ಲು ಹಾಕೋ ಗೋದಲಿ ಒಡೆದು, ನೆಲಕ್ಕೆ ಕಾಂಕ್ರೀಟ್ ಹಾಕಿದರೆ ಕೂರುತ್ತೆ. ಬಾಗಿಲು ಮಾತ್ರ ಕೀಳಬೇಕು. ಒಂದು ಟನ್ನಿಗೂ ಮೇಲಿನ ಭಾರ, ಈ ಸಲ ಆರು ಜನ ಸಾಲಲ್ಲ.

ಹೆಂಡತಿ ಅಡುಗೆಮನೆಯಿಂದಲೇ, "ಏನ್ರೀ ಅಳೀತಿದ್ದೀರಾ?" ಅಂತ ಕೂಗಿದಳು.

"ಏನಿಲ್ಲ, ಸುಮ್ನೆ" ಅಂದೆ.