ಯಲಹಂಕದ ದೀಪಕ್ಕೆ ಎಣ್ಣೆ ಎಲ್ಲಿಯದು?

ಬೆಂಗಳೂರಿನ ಉತ್ತರ ದಿಕ್ಕನ್ನು ನೋಡಬೇಕೆನ್ನುವವರು ಯಶವಂತಪುರದಿಂದ ಹೊರಡುವುದು ಲೇಸು. ರೈಲು ನಿಲ್ದಾಣದ ಗದ್ದಲವನ್ನು ಹಿಂದಿಟ್ಟು ಕೊಂಚ ದೂರ ನಡೆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ತಣ್ಣೆಳಲು ದೊರೆಯುತ್ತದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಹೋಮಿ ಭಾಭಾ ಅವರು ವಿಶ್ವಕಿರಣಗಳ ಸಂಶೋಧನೆ ನಡೆಸಿದ್ದು ಇಲ್ಲಿಯೇ. ದೇಶದ ಅಣುಶಕ್ತಿಗೆ ತೊಟ್ಟಿಲಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕಣ್ದೆರೆದುದೂ ಇದೇ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಗೆ ಹೊರಟುಹೋಯಿತು.

ಅಂದು ನನ್ನ ಜೊತೆಗಿದ್ದವರು ಯಲಹಂಕದ ನಮ್ಮ ನೆರೆಮನೆಯ ಹಿರಿಯರು. ಕಾಳಿ ನದಿಯ ಕಣಿವೆಯವರು. ಬಸ್ಸು ಹೆಬ್ಬಾಳದ ಕೆರೆಯನ್ನು ಬಳಸಿ ಮೇಲ್ಸೇತುವೆಯನ್ನೇರಿ, ಕೃಷಿ ವಿಶ್ವವಿದ್ಯಾನಿಲಯದ ಹಸುರನ್ನು ದಾಟಿ, ಕೆಂಪೇಗೌಡರ ಪೂರ್ವಿಕರ ಊರಾದ ಯಲಹಂಕವನ್ನು ಮುಟ್ಟುವವರೆಗೂ ಅವರು ಮಾತನಾಡಲಿಲ್ಲ.

ನಾವು ಇಳಿದು ಪುಟ್ಟೇನಹಳ್ಳಿ ಕೆರೆಯ ಕಡೆಗೆ ನಡೆದೆವು. ನೀರಿನ ಹಕ್ಕಿಗಳು ಗೂಡು ಕಟ್ಟುವ ಆ ಕೆರೆಗೆ ಸಮೀಪದಲ್ಲೇ ವಿದ್ಯುದಾಗಾರವಿದೆ. 1990ರ ದಶಕದಿಂದ ಅಲ್ಲಿ ಡೀಸೆಲ್ ಯಂತ್ರಗಳು ಓಡುತ್ತಿದ್ದವು. ಈಗ ಅನಿಲದಿಂದ ನಡೆಯುವ 370 ಮೆಗಾವಾಟಿನ ಸ್ಥಾವರ ಬಂದಿದೆ. ಅದರ ಉದ್ಘಾಟನೆಯಾದದ್ದು 2024ರಲ್ಲಿ.

“ಬೆಂಗಳೂರಿಗೆ ಇದೊಂದೇ ಸಾಲದೇ?” ಎಂದೆ.

ಹಿರಿಯರು ನಕ್ಕರು. “1905ರಲ್ಲಿ ಶಿವನಸಮುದ್ರದ ನೀರು ನಿಮ್ಮೂರಿನ ದೀಪ ಹಚ್ಚಿತು. ಅಂದಿನಿಂದ ನಿಮ್ಮ ಎಣ್ಣೆಯೆಲ್ಲ ಪರಸ್ಥಳದ್ದೇ.”

ಮಾತು ಸತ್ಯ. ಉತ್ತರಕ್ಕೆ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರಫಲಕಗಳು ಹರಡಿವೆ. ಸಾಮರ್ಥ್ಯ 2,050 ಮೆಗಾವಾಟ್. ರೈತರು ನೆಲವನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಬರದ ಸೀಮೆಯಲ್ಲಿ ಅದು ನಿಶ್ಚಿತವಾದ ವರಮಾನ. ಆದರೆ ನೆಲವಿಲ್ಲದ ಕೂಲಿಯವನಿಗೆ ಬಾಡಿಗೆಯೂ ಇಲ್ಲ, ಹೊಲದ ಕೆಲಸವೂ ಇಲ್ಲ. ಪಶ್ಚಿಮದಲ್ಲಿ, ಕಾಳಿಯ ದಂಡೆಯ ಕೈಗಾದಲ್ಲಿ, 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ, ಒಟ್ಟು 880. ಅಂಕಿಯಲ್ಲಿ ಪಾವಗಡವೇ ದೊಡ್ಡದು. ಆದರೆ ರಾತ್ರಿ, ಮೋಡಗಳನ್ನು ಲೆಕ್ಕ ಹಿಡಿದರೆ ಸೌರಫಲಕಗಳಿಂದ ವರ್ಷದ ಸರಾಸರಿಯಲ್ಲಿ ದೊರೆಯುವುದು ಸಾಮರ್ಥ್ಯದ ಸುಮಾರು ಐದನೆಯ ಒಂದು ಪಾಲು. ಕೈಗಾದ ಒಂದನೆಯ ಘಟಕವಾದರೋ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿತು.

ಹಾಗೆಂದು ಅಣುವೊಂದೇ ಸಾಕೆನ್ನುವಂತಿಲ್ಲ. ನಮ್ಮ ಅಣುಘಟಕಗಳು ಒಂದೇ ಸಮನೆ ಓಡತಕ್ಕವು. ಸಂಜೆ ಏಳು ಗಂಟೆಗೆ ಎಲ್ಲ ಮನೆಗಳಲ್ಲೂ ದೀಪ ಹತ್ತಿದೊಡನೆ ಏರುವ ಬೇಡಿಕೆಯನ್ನು ಹಿಂಬಾಲಿಸುವುದು ಅವುಗಳ ಕೆಲಸವಲ್ಲ. ಆ ಹೊತ್ತಿಗೆ ಶರಾವತಿಯ ನೀರು ಬೇಕು. ಯಲಹಂಕದಂಥ ಅನಿಲಯಂತ್ರ ಬೇಕು. ಮಳೆಗಾಲದಲ್ಲಿ ಬಿಸಿಲು ಕುಗ್ಗಿದಾಗ ಚಿತ್ರದುರ್ಗ, ಗದಗಗಳ ಗಾಳಿ ಕೈಹಿಡಿಯುತ್ತದೆ. ಒಂದು ದಣಿದಾಗ ಮತ್ತೊಂದು ಹೆಗಲು ಕೊಡಬೇಕು.

“ನಿಮಗೆ ಕೈಗಾದ ಭಯವಿಲ್ಲವೇ?” ಎಂದು ಕೇಳಿದೆ.

ಅವರು ಕೆರೆಯ ಏರಿಯ ಮೇಲೆ ಕುಳಿತರು. “ಇಲ್ಲವೆನ್ನಲೇ? ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಯ ಚುನಾವಣೆಗೆ ನಿಂತರು. ನಾನು ಓಟು ಕೊಟ್ಟೆ, ಅವರು ಸೋತರು. 1994ರಲ್ಲಿ, ಕಟ್ಟುತ್ತಿರುವಾಗಲೇ, ಸ್ಥಾವರದ ಒಳಗುಮ್ಮಟ ಕುಸಿಯಿತು. ಅಂದು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.” ಸ್ವಲ್ಪ ತಡೆದು ಹೇಳಿದರು: “ಆದರೆ ನನ್ನ ಮನೆ, ಅಡಕೆಯ ತೋಟ ಹೋದದ್ದು ಅಣುವಿನಿಂದಲ್ಲ. ಕದ್ರಾ ಅಣೆಕಟ್ಟಿನ ನೀರಿನಿಂದ. ನೀರಿನ ವಿದ್ಯುತ್ತು ನಿರಪಾಯವೆಂದು ಎಲ್ಲರೂ ಹೇಳುತ್ತಿದ್ದರು. ಕೈಗಾದ ಯಂತ್ರಗಳನ್ನು ತಂಪಾಗಿಡುವುದೂ ಅದೇ ನೀರು.”

ನನಗೆ ಉತ್ತರ ತೋಚಲಿಲ್ಲ. ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳು ಯೋಜನೆಯಲ್ಲಿವೆ. ಬೇಕೆನ್ನುವವರ ಲೆಕ್ಕವೂ ತಪ್ಪಲ್ಲ. ಬೇಡವೆನ್ನುವವರ ಅಳಲೂ ಸುಳ್ಳಲ್ಲ. ಬಿಸಿಲಿಗೆ ನೆಲ ಬೇಕು, ನೀರಿಗೆ ಕಣಿವೆ ಬೇಕು. ಅಣು ಉಳಿಸುವ ಬೂದಿಗೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾವಲೂ ಬೇಕು. ಬೆಲೆ ತೆರದೆ ಬರುವ ಬೆಳಕು ಯಾವುದೂ ಇಲ್ಲ. ತೆರುವವರು ಮಾತ್ರ ಬೇರೆಯವರು.

ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಯಲಹಂಕದ ಬೀದಿಗಳೆಲ್ಲ ಜಗಜಗಿಸುತ್ತಿದ್ದವು. ನಮ್ಮ ಹಜಾರದಲ್ಲಿ ಯಾರೂ ಇರಲಿಲ್ಲ. ದೀಪ ಮಾತ್ರ ಉರಿಯುತ್ತಿತ್ತು. ಹಿರಿಯರು ಒಳಗೆ ಬಂದವರೇ ಮೊದಲು ಅದನ್ನು ಆರಿಸಿ, ಆಮೇಲೆ ಕಾಫಿ ಕೇಳಿದರು.